ಮಂಗಳೂರಿನ ಕ್ಯಾಥೊಲಿಕ್ ಶಾಲೆಗಳ ಸಂಸ್ಥಾಪನಾ ಪರಂಪರೆ

ಮಂಗಳೂರಿನ ಕ್ಯಾಥೊಲಿಕ್ ಶಾಲೆಗಳ ಸಂಸ್ಥಾಪನಾ ಪರಂಪರೆ ಎಂದರೆ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಕರ್ನಾಟಕದ ಕರಾವಳಿಯಲ್ಲಿ ಸ್ಥಾಪನೆಗೊಂಡ ಕ್ಯಾಥೊಲಿಕ್ ವಿದ್ಯಾಸಂಸ್ಥೆಗಳ ಮೂಲ ಉದ್ದೇಶಗಳು, ಅವುಗಳ ಸುತ್ತ ಬೆಳೆದ ಶಾಲಾ ಸಮುದಾಯ ಜೀವನ ಹಾಗೂ ಆ ಉದ್ದೇಶಗಳನ್ನು ಮುಂದಿನ ತಲೆಮಾರುಗಳಿಗೆ ದಾಟಿಸುವ ಆಚರಣೆಗಳ ಒಟ್ಟು ಹೆಸರು. ಯೇಸುಸಭೆ (ಜೆಸ್ವಿಟ್), ಅಪೋಸ್ತಲಿಕ್ ಕಾರ್ಮೆಲ್, ಉರ್ಸುಲೈನ್ ಫ್ರಾನ್ಸಿಸ್ಕನ್ ಮತ್ತು ಬೆಥನಿ ಧಾರ್ಮಿಕ ಸಭೆಗಳು ಈ ಪರಂಪರೆಯ ಮುಖ್ಯ ವಾಹಕಗಳು. ಇವುಗಳ ಜೊತೆಗೆ ಆಯಾ ಊರಿನ ಇಗರ್ಜಿಗಳಿಗೆ ಹೊಂದಿಕೊಂಡ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳೂ ಈ ಪರಂಪರೆಗೆ ಸೇರಿವೆ. ಈ ಶಾಲೆಗಳಲ್ಲಿ ಕ್ರೈಸ್ತರಲ್ಲದೆ ಹಿಂದೂ, ಮುಸ್ಲಿಂ ಮತ್ತು ಜೈನ ಮಕ್ಕಳೂ ಕಲಿತಿದ್ದಾರೆ. ಆದುದರಿಂದ ಇವುಗಳ ಇತಿಹಾಸವು ಒಂದು ಮತದ ಇತಿಹಾಸ ಮಾತ್ರವಲ್ಲ, ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಸಾರ್ವಜನಿಕ ಶಿಕ್ಷಣದ ಇತಿಹಾಸವೂ ಹೌದು.

ಹಿನ್ನೆಲೆ

ಮಂಗಳೂರಿನ ಕ್ಯಾಥೊಲಿಕರಲ್ಲಿ ಬಹುಪಾಲು ಜನರು ಗೋವಾದಿಂದ ವಲಸೆ ಬಂದ ಕೊಂಕಣಿ ಭಾಷಿಕರು. ೧೭೮೪ರಲ್ಲಿ ಟಿಪ್ಪು ಸುಲ್ತಾನನು ಇವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದನು. ೧೭೯೯ರ ಬಳಿಕ ಬದುಕಿ ಉಳಿದವರು ಊರಿಗೆ ಮರಳಿ ಮನೆ, ಭೂಮಿ ಮತ್ತು ಇಗರ್ಜಿಗಳನ್ನು ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು. ಬ್ರಿಟಿಷ್ ಆಡಳಿತದಲ್ಲಿ ಸರಕಾರಿ ಹುದ್ದೆ, ವಕೀಲಿ ವೃತ್ತಿ ಮತ್ತು ವ್ಯಾಪಾರಗಳಿಗೆ ಇಂಗ್ಲಿಷ್ ಶಿಕ್ಷಣ ಅಗತ್ಯವಾದಾಗ ಈ ಸಮುದಾಯಕ್ಕೆ ತನ್ನದೇ ಉನ್ನತ ವಿದ್ಯಾಸಂಸ್ಥೆಯ ಕೊರತೆ ಎದ್ದುಕಂಡಿತು.

ಇದೇ ಅವಧಿಯಲ್ಲಿ ಪ್ರೊಟೆಸ್ಟೆಂಟ್ ಪಂಥದ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ನೆಲೆಯೂರಿತ್ತು. ೧೮೩೪ರಲ್ಲಿ ಬಂದ ಈ ಮಿಶನ್ ಶಾಲೆಗಳನ್ನು ತೆರೆದು ಮುದ್ರಣಾಲಯವನ್ನೂ ಆರಂಭಿಸಿತು. ೧೮೪೩ರಲ್ಲಿ ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ' ಹೊರಬಂದಿತು. ಈ ನಿದರ್ಶನ ಕಣ್ಣೆದುರಿಗೇ ಇದ್ದುದರಿಂದ ಸ್ಥಳೀಯ ಕ್ಯಾಥೊಲಿಕರು ತಮ್ಮ ಧರ್ಮಾಧ್ಯಕ್ಷರ ಬಳಿಯೂ ರೋಮ್‌ನ ಬಳಿಯೂ ಶಿಕ್ಷಣ ಸಂಸ್ಥೆಗಾಗಿ ಬೇಡಿಕೆ ಸಲ್ಲಿಸಿದರು. ಶಾಲೆ ಬೇಕೆಂಬ ಮಾತು ಹೊರಗಿನವರಿಂದ ಮಾತ್ರ ಬಂದುದಲ್ಲ, ಊರಿನವರೇ ಅದನ್ನು ಕೇಳಿ ಪಡೆದರು ಎಂಬುದು ಈ ಪರಂಪರೆಯ ಗಮನಾರ್ಹ ಅಂಶ.

ಸಂಸ್ಥಾಪಕರು ಮತ್ತು ಅವರ ಉದ್ದೇಶಗಳು

ಅಪೋಸ್ತಲಿಕ್ ಕಾರ್ಮೆಲ್

ಕರಾವಳಿಯ ಹೆಣ್ಣುಮಕ್ಕಳ ಶಿಕ್ಷಣದಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಭೆಯ ಹೆಸರು ಮೊದಲಿಗೆ ಬರುತ್ತದೆ. ಇದರ ಸಂಸ್ಥಾಪಕಿ ಮದರ್ ವೆರೋನಿಕಾ. ಇವರ ಪೂರ್ವಾಶ್ರಮದ ಹೆಸರು ಸೋಫಿ ಲೀವ್ಸ್. ೧೮೨೩ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳಾಗಿ ಜನಿಸಿದ ಇವರು ೧೮೫೦ರಲ್ಲಿ ಕ್ಯಾಥೊಲಿಕ್ ಸಭೆಯನ್ನು ಸೇರಿದರು. ೧೮೬೦ರ ದಶಕದ ಆರಂಭದಲ್ಲಿ ಕಲ್ಲಿಕೋಟೆಗೆ ಬಂದು ಅಲ್ಲಿನ ಶಾಲೆಯ ಹೊಣೆ ಹೊತ್ತರು. ಪಶ್ಚಿಮ ಕರಾವಳಿಯ ಬಾಲಕಿಯರಿಗೆ ಶಿಕ್ಷಣ ಎಷ್ಟು ದುರ್ಲಭವೆಂಬುದು ಆಗ ಅವರಿಗೆ ಪ್ರತ್ಯಕ್ಷವಾಯಿತು.

ಕಾರ್ಮೆಲ್ ಪರಂಪರೆಯ ಧ್ಯಾನಜೀವನವನ್ನೂ ಬೋಧನೆಯ ಸೇವೆಯನ್ನೂ ಒಂದುಗೂಡಿಸಬೇಕೆಂಬುದು ಅವರ ಸಂಕಲ್ಪ. ೧೮೬೮ರಲ್ಲಿ ಫ್ರಾನ್ಸಿನ ಬಯೋನ್ ನಗರದಲ್ಲಿ ಅವರು ಸಭೆಯನ್ನು ಸ್ಥಾಪಿಸಿದರು. ಬಿಷಪ್ ಮರಿ ಎಫ್ರೆಮ್ ಅವರ ಪ್ರೋತ್ಸಾಹದಿಂದ ಮೊದಲ ತಂಡದ ಭಗಿನಿಯರು ೧೮೭೦ರ ನವೆಂಬರ್‌ನಲ್ಲಿ ಮಂಗಳೂರು ತಲುಪಿದರು. ಸಂತ ಆನ್ಸ್ ಶಾಲೆಗೆ ಅಡಿಪಾಯ ಬಿದ್ದಿತು. ಮದರ್ ವೆರೋನಿಕಾ ತಮ್ಮ ಕೊನೆಯ ವರ್ಷಗಳನ್ನು ಫ್ರಾನ್ಸಿನ ಪೋ ನಗರದ ಕಾರ್ಮೆಲ್ ಮಠದಲ್ಲಿ ಕಳೆದು ೧೯೦೬ರಲ್ಲಿ ನಿಧನರಾದರು. ಬಯೋನ್‌ನ ಮೂಲ ಮಠವು ಕೆಲವೇ ವರ್ಷಗಳಲ್ಲಿ ಮುಚ್ಚಿತಾದರೂ ಅಲ್ಲಿಂದ ಕಳುಹಿಸಿದ ಸಸಿ ಮಂಗಳೂರಿನಲ್ಲಿ ಬೇರುಬಿಟ್ಟಿತು. ೧೯೨೧ರಲ್ಲಿ ಇದೇ ಸಭೆಯವರು ಸಂತ ಆಗ್ನೆಸ್ ಕಾಲೇಜನ್ನು ಆರಂಭಿಸಿದರು. ಇದು ಪಶ್ಚಿಮ ಕರಾವಳಿಯ ಮೊದಲ ಮಹಿಳಾ ಕಾಲೇಜುಗಳಲ್ಲಿ ಒಂದು. ಹೆಣ್ಣುಮಕ್ಕಳು ಪದವಿ ಶಿಕ್ಷಣಕ್ಕಾಗಿ ಮದರಾಸಿನಂಥ ದೂರದ ನಗರಗಳಿಗೆ ಹೋಗಬೇಕಾಗಿದ್ದ ಕಾಲದಲ್ಲಿ ಮನೆಯ ಹತ್ತಿರವೇ ಕಾಲೇಜು ದೊರೆತದ್ದು ಅನೇಕ ಕುಟುಂಬಗಳ ನಿರ್ಧಾರವನ್ನು ಬದಲಿಸಿತು. ೨೦೧೪ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಮದರ್ ವೆರೋನಿಕಾ ಅವರನ್ನು 'ಪೂಜ್ಯ' ಶ್ರೇಣಿಗೆ ಏರಿಸಿದರು.

ಯೇಸುಸಭೆ

೧೮೭೮ರಲ್ಲಿ ಪೋಪ್ ಹದಿಮೂರನೆಯ ಲಿಯೋ ಅವರು ಮಂಗಳೂರು ಮಿಶನ್ನಿನ ಹೊಣೆಯನ್ನು ಯೇಸುಸಭೆಗೆ ವಹಿಸಿದರು. ಇಟಲಿಯ ವೆನಿಸ್ ಪ್ರಾಂತಕ್ಕೆ ಸೇರಿದ ಜೆಸ್ವಿಟರ ಮೊದಲ ತಂಡವು ಅದೇ ವರ್ಷದ ಡಿಸೆಂಬರ್ ೩೧ರಂದು ಮಂಗಳೂರಿಗೆ ಬಂದಿತು. ಒಂದು ವರ್ಷ ಕಳೆದ ಕೆಲವೇ ದಿನಗಳಲ್ಲಿ, ೧೮೮೦ರ ಜನವರಿ ೧೨ರಂದು, ಬಾಡಿಗೆಯ ಮನೆಯೊಂದರಲ್ಲಿ ಸುಮಾರು ೧೫೦ ವಿದ್ಯಾರ್ಥಿಗಳೊಂದಿಗೆ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಸ್ಥಳೀಯ ಗೃಹಸ್ಥರಾದ ಲಾರೆನ್ಸ್ ಲೋಬೊ ಪ್ರಭು ಅವರು ನೀಡಿದ ಗುಡ್ಡದ ಮೇಲೆ ಕಟ್ಟಡ ಎದ್ದು ನಿಂತಿತು. ೧೮೮೫ರಲ್ಲಿ ತರಗತಿಗಳು ಅಲ್ಲಿಗೆ ಸ್ಥಳಾಂತರಗೊಂಡವು.

ಸಂಸ್ಥೆಗೆ ಹೆಸರು ಕೊಟ್ಟ ಅಲೋಶಿಯಸ್ ಗೊಂಜಾಗಾ (೧೫೬೮–೧೫೯೧) ಇಟಲಿಯ ಶ್ರೀಮಂತ ಮನೆತನದ ಹಿರಿಯ ಮಗ. ಉತ್ತರಾಧಿಕಾರವನ್ನು ತ್ಯಜಿಸಿ ಯೇಸುಸಭೆ ಸೇರಿದ ಆತ ರೋಮ್‌ನಲ್ಲಿ ಸಾಂಕ್ರಾಮಿಕ ರೋಗ ಹರಡಿದಾಗ ರೋಗಿಗಳ ಶುಶ್ರೂಷೆಯಲ್ಲಿ ತೊಡಗಿ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಮರಣ ಹೊಂದಿದನು. ೧೭೨೬ರಲ್ಲಿ ಸಂತ ಪದವಿಗೇರಿದ ಆತನನ್ನು ಕ್ಯಾಥೊಲಿಕ್ ಸಭೆಯು ಯುವಜನರ ಪಾಲಕನೆಂದು ಗೌರವಿಸುತ್ತದೆ. ಕಾಲೇಜಿನ ಲ್ಯಾಟಿನ್ ಧ್ಯೇಯವಾಕ್ಯ 'ಲೂಚೆತ್ ಎತ್ ಆರ್ದೆತ್'. ಬೆಳಕು ಕೊಡುವುದು ಮತ್ತು ಉರಿಯುವುದು ಎಂಬ ಎರಡು ಕ್ರಿಯೆಗಳನ್ನು ಇದು ಒಟ್ಟಿಗೆ ಸೂಚಿಸುತ್ತದೆ. ತಾನು ಉರಿಯದೆ ಇನ್ನೊಬ್ಬರಿಗೆ ಬೆಳಕು ಕೊಡಲಾಗದು ಎಂಬುದು ಇದರಿಂದ ಹೊರಡುವ ಅರ್ಥ.

ಆರಂಭದ ಜೆಸ್ವಿಟರು ತರಗತಿಯ ಗೋಡೆಗಳೊಳಗೆ ನಿಂತವರಲ್ಲ. ಬೋಧಕರಾಗಿ ಬಂದ ಅಗಸ್ಟಸ್ ಮುಲ್ಲರ್ ಅವರು ೧೮೮೦ರಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧ ವಿತರಣೆಯನ್ನು ಆರಂಭಿಸಿದರು. ಕುಷ್ಠರೋಗಿಗಳಿಗೆ ಆಶ್ರಯವನ್ನೂ ಕಟ್ಟಿದರು. ಇಂದಿನ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯ ಮೂಲ ಇದೇ. ಆಂಜೆಲೊ ಮಫೆಯ್ ಅವರು ಕೊಂಕಣಿ ಕಲಿತು ೧೮೮೦ರ ದಶಕದ ಆರಂಭದಲ್ಲಿ ಆ ಭಾಷೆಯ ವ್ಯಾಕರಣವನ್ನೂ ನಿಘಂಟನ್ನೂ ಪ್ರಕಟಿಸಿದರು. ಕಲಾವಿದ ಆಂಟೋನಿಯೊ ಮೊಸ್ಕೆನಿ (೧೮೫೪–೧೯೦೫) ಅವರು ಕಾಲೇಜಿನ ಪ್ರಾರ್ಥನಾಲಯದ ಗೋಡೆ ಮತ್ತು ಛಾವಣಿಗಳನ್ನು ಚಿತ್ರಗಳಿಂದ ತುಂಬಿದರು. ಸಂತ ಅಲೋಶಿಯಸ್‌ನ ಜೀವನವೇ ಛಾವಣಿಯ ಮುಖ್ಯ ವಸ್ತು.

ಸ್ಥಳೀಯ ಸಭೆಗಳು

೧೮೮೭ರಲ್ಲಿ ಜೆಸ್ವಿಟ್ ಧರ್ಮಗುರು ಅರ್ಬನ್ ಸ್ಟೈನ್ ಅವರು ಮಂಗಳೂರಿನಲ್ಲಿಯೇ ಉರ್ಸುಲೈನ್ ಫ್ರಾನ್ಸಿಸ್ಕನ್ ಸಭೆಗೆ ಅಸ್ತಿಭಾರ ಹಾಕಿದರು. ೧೯೨೧ರ ಜುಲೈ ೧೬ರಂದು ಬೆಂದೂರಿನಲ್ಲಿ ಧರ್ಮಗುರು ರೇಮಂಡ್ ಫ್ರಾನ್ಸಿಸ್ ಕಮಿಲ್ಲಸ್ ಮಸ್ಕರೇನ್ಹಸ್ (೧೮೭೫–೧೯೬೦) ಅವರು ನಾಲ್ವರು ಯುವತಿಯರೊಂದಿಗೆ ಬೆಥನಿ ಸಭೆಯನ್ನು ಸ್ಥಾಪಿಸಿದರು. ಇವರು ವಿದೇಶಿ ಮಿಶನರಿಯಲ್ಲ, ಇದೇ ನಾಡಿನವರು. ನಗರದ ದೊಡ್ಡ ಶಾಲೆಗಳು ತಲುಪದ ಹಳ್ಳಿಗಳ ಬಾಲಕಿಯರಿಗೆ ಅಕ್ಷರಾಭ್ಯಾಸ ದೊರಕಬೇಕೆಂಬುದು ಬೆಥನಿಯ ಮೂಲ ಆಶಯ. ಈ ಸಭೆಯ ಬೆಳವಣಿಗೆಯೊಂದಿಗೆ ಕ್ಯಾಥೊಲಿಕ್ ಶಿಕ್ಷಣವು ಮಂಗಳೂರು ನಗರದಿಂದ ಒಳನಾಡಿನ ಗ್ರಾಮಗಳಿಗೂ ಹರಡಿತು.

ಶಾಲಾ ಸಮುದಾಯ ಜೀವನ

ಕ್ಯಾಥೊಲಿಕ್ ಶಿಕ್ಷಣ ಚಿಂತನೆಯು ಶಾಲೆಯನ್ನು ಕೇವಲ ಪಾಠ ಹೇಳುವ ಕಟ್ಟಡವೆಂದು ಪರಿಗಣಿಸುವುದಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು ೧೯೬೫ರ ಅಕ್ಟೋಬರ್ ೨೮ರಂದು ಪ್ರಕಟಿಸಿದ ಶಿಕ್ಷಣ ಕುರಿತ ಘೋಷಣೆಯಲ್ಲಿ, ಸ್ವಾತಂತ್ರ್ಯ ಮತ್ತು ಪ್ರೀತಿಗಳಿಂದ ಕೂಡಿದ ಸಮುದಾಯದ ವಾತಾವರಣವೇ ಕ್ಯಾಥೊಲಿಕ್ ಶಾಲೆಯ ವೈಶಿಷ್ಟ್ಯವೆಂಬ ವಿಚಾರವಿದೆ. ಮಕ್ಕಳ ಮೊದಲ ಶಿಕ್ಷಕರು ತಂದೆತಾಯಿಗಳೇ ಎಂದೂ ಅದು ಒತ್ತಿಹೇಳುತ್ತದೆ. ೧೯೮೩ರ ಧರ್ಮಸಭಾ ಸಂಹಿತೆಯ ಪ್ರಕಾರ ಯಾವುದೇ ಶಾಲೆಯು ಸಕ್ಷಮ ಅಧಿಕಾರಿಯ ಒಪ್ಪಿಗೆಯಿಲ್ಲದೆ 'ಕ್ಯಾಥೊಲಿಕ್' ಎಂಬ ಹೆಸರನ್ನು ಬಳಸುವಂತಿಲ್ಲ.

ಕರಾವಳಿಯಲ್ಲಿ ಈ ಸಮುದಾಯ ಜೀವನಕ್ಕೆ ತನ್ನದೇ ರೂಪವಿದೆ. ದಿನವು ಬೆಳಗಿನ ಪ್ರಾರ್ಥನಾಸಭೆಯಿಂದ ಆರಂಭವಾಗುತ್ತದೆ. ಪ್ರಾರ್ಥನೆ, ಚಿಂತನ, ವಾರ್ತಾವಾಚನ ಮತ್ತು ನಾಡಗೀತೆ ಅಥವಾ ರಾಷ್ಟ್ರಗೀತೆ ಇದರ ಸಾಮಾನ್ಯ ಅಂಗಗಳು. ಕ್ಯಾಥೊಲಿಕ್ ಮಕ್ಕಳಿಗೆ ಧರ್ಮೋಪದೇಶದ ತರಗತಿ ನಡೆಯುವ ಹೊತ್ತಿನಲ್ಲಿ ಉಳಿದ ಮಕ್ಕಳಿಗೆ ನೀತಿಶಿಕ್ಷಣದ ತರಗತಿ ನಡೆಸುವುದು ರೂಢಿ. ಮನೆಯಲ್ಲಿ ಕೊಂಕಣಿ, ತುಳು ಅಥವಾ ಬ್ಯಾರಿ, ಆಟದ ಬಯಲಿನಲ್ಲಿ ತುಳು, ಪಾಠದಲ್ಲಿ ಕನ್ನಡ ಅಥವಾ ಇಂಗ್ಲಿಷ್ ಎಂಬ ಬಹುಭಾಷಾ ಸ್ಥಿತಿ ಇಲ್ಲಿನ ಮಕ್ಕಳಿಗೆ ಸಹಜ.

ವರ್ಷದ ಪಂಚಾಂಗವೂ ಎರಡು ಎಳೆಗಳಿಂದ ಹೆಣೆದುಕೊಂಡಿದೆ. ಸ್ವಾತಂತ್ರ್ಯ ದಿನ, ಶಿಕ್ಷಕರ ದಿನ, ಕನ್ನಡ ರಾಜ್ಯೋತ್ಸವ, ಕ್ರೀಡಾಕೂಟ ಮತ್ತು ವಾರ್ಷಿಕೋತ್ಸವಗಳು ಎಲ್ಲ ಶಾಲೆಗಳಂತೆ ಇಲ್ಲಿಯೂ ನಡೆಯುತ್ತವೆ. ಇವುಗಳ ನಡುವೆ ಶಾಲೆಯ ಪಾಲಕ ಸಂತರ ಹಬ್ಬ, ಸಂಸ್ಥಾಪಕರ ದಿನ ಮತ್ತು ಕ್ರಿಸ್ಮಸ್ ಆಚರಣೆಗಳು ಬರುತ್ತವೆ. ಸೆಪ್ಟೆಂಬರ್ ೮ರಂದು ಕರಾವಳಿಯ ಕ್ಯಾಥೊಲಿಕರು 'ಮೊಂತಿ ಫೆಸ್ತ್' ಆಚರಿಸುತ್ತಾರೆ. ಕನ್ಯಾ ಮರಿಯಮ್ಮನ ಜನ್ಮದಿನವಾದ ಇದು ಹೊಸ ತೆನೆಯ ಹಬ್ಬವೂ ಹೌದು. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಹೂಗಳನ್ನು ಕೊಯ್ದು ತಂದು ಇಗರ್ಜಿಯಲ್ಲಿ ಅರ್ಪಿಸುತ್ತಾರೆ. ಕೃಷಿಯ ಲಯವು ಶಾಲಾ ಮಕ್ಕಳ ಜೀವನದೊಂದಿಗೆ ಬೆರೆತದ್ದಕ್ಕೆ ಇದೊಂದು ಒಳ್ಳೆಯ ಉದಾಹರಣೆ.

ಶಿಕ್ಷಕ–ರಕ್ಷಕ ಸಂಘ, ಹಳೆ ವಿದ್ಯಾರ್ಥಿ ಸಂಘ ಮತ್ತು ಶಾಲಾ ಸಂಚಿಕೆಗಳು ಸಮುದಾಯದ ಸ್ಮೃತಿಯನ್ನು ಕಾಪಾಡುವ ಸಾಧನಗಳು. ಸಂತ ಅಲೋಶಿಯಸ್ ಕಾಲೇಜು ೧೮೯೭ರಿಂದ ಪ್ರಕಟಿಸಿದ 'ಮ್ಯಾಂಗಲೋರ್ ಮ್ಯಾಗಜಿನ್' ಅಂದಿನ ಶಾಲಾ ಜೀವನವನ್ನಷ್ಟೇ ಅಲ್ಲದೆ ಊರಿನ ಸಾಮಾಜಿಕ ಚರಿತ್ರೆಯನ್ನೂ ದಾಖಲಿಸಿದೆ. ಲೋಕಸಭೆಯ ಸಭಾಧ್ಯಕ್ಷರಾಗಿದ್ದ ಕೆ. ಎಸ್. ಹೆಗ್ಡೆ, ಕೇಂದ್ರ ಸಚಿವ ಜಾರ್ಜ್ ಫರ್ನಾಂಡಿಸ್ ಮತ್ತು ಲೇಖಕ ಅರವಿಂದ ಅಡಿಗ ಅವರು ಅಲೋಶಿಯಸ್ ಸಂಸ್ಥೆಗಳಲ್ಲಿ ಕಲಿತವರು. ಈ ಮೂವರ ಹಿನ್ನೆಲೆ ಮತ್ತು ಹಾದಿಗಳು ಬೇರೆಬೇರೆಯಾಗಿರುವುದೇ ಅಲ್ಲಿನ ವಿದ್ಯಾರ್ಥಿ ಸಮುದಾಯದ ವೈವಿಧ್ಯವನ್ನು ಸೂಚಿಸುತ್ತದೆ.

ಸಂಸ್ಥಾಪನಾ ಮೌಲ್ಯಗಳ ಸ್ಮರಣೆ

ಪ್ರತಿಯೊಂದು ಧಾರ್ಮಿಕ ಸಭೆಗೂ ಅದರ ಸಂಸ್ಥಾಪಕರಿಂದ ಬಂದ ವಿಶಿಷ್ಟ ಚೈತನ್ಯವಿದೆಯೆಂದು ಕ್ಯಾಥೊಲಿಕ್ ಸಭೆ ನಂಬುತ್ತದೆ. ಇದನ್ನು 'ಕರಿಸಂ' ಅಥವಾ ವರದಾನ ಎಂದು ಕರೆಯುತ್ತಾರೆ. ಅಪೋಸ್ತಲಿಕ್ ಕಾರ್ಮೆಲ್ ಶಾಲೆಗಳಲ್ಲಿ ಮೌನ ಮತ್ತು ಸೇವೆಗಳ ಸಮನ್ವಯ, ಜೆಸ್ವಿಟ್ ಶಾಲೆಗಳಲ್ಲಿ ವಿಮರ್ಶಾತ್ಮಕ ಚಿಂತನೆ ಮತ್ತು ಪ್ರತಿಯೊಬ್ಬ ವಿದ್ಯಾರ್ಥಿಯ ಬಗ್ಗೆ ವೈಯಕ್ತಿಕ ಕಾಳಜಿ, ಬೆಥನಿ ಶಾಲೆಗಳಲ್ಲಿ ಗ್ರಾಮೀಣ ಹೆಣ್ಣುಮಕ್ಕಳ ಏಳಿಗೆ ಇಂಥ ಚೈತನ್ಯದ ರೂಪಗಳು.

ಈ ಮೌಲ್ಯಗಳನ್ನು ನೆನಪಿಸುವ ಸಾಂಕೇತಿಕ ರೂಪಗಳು ಹಲವು: ಧ್ಯೇಯವಾಕ್ಯ, ಲಾಂಛನ, ಶಾಲಾಗೀತೆ, ಸಭಾಂಗಣಗಳ ಹೆಸರು, ಸಂಸ್ಥಾಪಕರ ಭಾವಚಿತ್ರಕ್ಕೆ ಪುಷ್ಪಾರ್ಚನೆ. ಆದರೆ ಸ್ಮರಣೆಯು ಸಂಕೇತಗಳಲ್ಲಿಯೇ ಮುಗಿಯಬಾರದೆಂಬ ಎಚ್ಚರಿಕೆ ಸಭೆಯೊಳಗಿನಿಂದಲೇ ಬಂದಿದೆ. ೧೯೭೩ರಲ್ಲಿ ಸ್ಪೇನಿನ ವಲೆನ್ಸಿಯಾ ನಗರದಲ್ಲಿ ಜೆಸ್ವಿಟ್ ಶಾಲೆಗಳ ಹಳೆ ವಿದ್ಯಾರ್ಥಿಗಳ ಸಮಾವೇಶ ನಡೆಯಿತು. ಅಲ್ಲಿ ಯೇಸುಸಭೆಯ ಅಂದಿನ ಮಹಾಧಿಪತಿ ಪೆದ್ರೊ ಅರುಪೆ ಅವರು, ನಾವು ನಿಮ್ಮನ್ನು ನ್ಯಾಯಕ್ಕಾಗಿ ಬದುಕುವಂತೆ ರೂಪಿಸಿದ್ದೇವೆಯೇ ಎಂಬ ಪ್ರಶ್ನೆಯನ್ನು ಎತ್ತಿದರು. ಇಲ್ಲವೆಂದು ತಾವೇ ಒಪ್ಪಿಕೊಂಡರು. ಶಿಕ್ಷಣದ ಗುರಿ ಪರರಿಗಾಗಿ ಬಾಳುವ ಮನುಷ್ಯರನ್ನು ರೂಪಿಸುವುದು ಎಂಬ ಅವರ ಮಾತು ಕೆಲವರಿಗೆ ಕಹಿಯಾಯಿತು. ಆದರೂ ಮುಂದೆ ಜಗತ್ತಿನ ಜೆಸ್ವಿಟ್ ಶಾಲೆಗಳ ಗುರಿವಾಕ್ಯವಾಗಿ ಅದು ನೆಲೆನಿಂತಿತು.

ಕಾನೂನಿನ ಚೌಕಟ್ಟು

ಭಾರತ ಸಂವಿಧಾನದ ೩೦ನೆಯ ವಿಧಿಯು ಧಾರ್ಮಿಕ ಮತ್ತು ಭಾಷಿಕ ಅಲ್ಪಸಂಖ್ಯಾತರಿಗೆ ತಮ್ಮ ಆಯ್ಕೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ೨೯ನೆಯ ವಿಧಿಯ ಪ್ರಕಾರ ಸರಕಾರದ ಅನುದಾನ ಪಡೆಯುವ ಸಂಸ್ಥೆಯು ಕೇವಲ ಧರ್ಮ, ಜನಾಂಗ, ಜಾತಿ ಅಥವಾ ಭಾಷೆಯ ಕಾರಣಕ್ಕೆ ಯಾರಿಗೂ ಪ್ರವೇಶ ನಿರಾಕರಿಸುವಂತಿಲ್ಲ. ಅಂಥ ಸಂಸ್ಥೆಯಲ್ಲಿ ಕಲಿಯುವ ಯಾರನ್ನೂ ಅವರ ಸಮ್ಮತಿ, ಅಪ್ರಾಪ್ತರಾದರೆ ಪೋಷಕರ ಸಮ್ಮತಿ, ಇಲ್ಲದೆ ಧಾರ್ಮಿಕ ಬೋಧನೆಗೆ ಒಳಪಡಿಸಬಾರದೆಂದು ೨೮ನೆಯ ವಿಧಿ ವಿಧಿಸುತ್ತದೆ. ಧರ್ಮೋಪದೇಶ ಮತ್ತು ನೀತಿಶಿಕ್ಷಣಗಳನ್ನು ಪ್ರತ್ಯೇಕವಾಗಿ ನಡೆಸುವ ಪದ್ಧತಿ ಈ ವಿಧಿಗೂ ಹೊಂದಿಕೊಳ್ಳುತ್ತದೆ.

ಮಣಿಪಾಲದ ಟಿ. ಎಂ. ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ನ್ಯಾಯಾಧೀಶರ ಪೀಠವು ೨೦೦೨ರಲ್ಲಿ ನೀಡಿದ ತೀರ್ಪು, ಅಲ್ಪಸಂಖ್ಯಾತ ಸಂಸ್ಥೆಗಳ ಹಕ್ಕು ಮತ್ತು ಸರಕಾರದ ನಿಯಂತ್ರಣಗಳ ನಡುವಿನ ಗಡಿಯನ್ನು ವಿವರಿಸಿತು. ೨೦೧೪ರ ಮೇ ೬ರಂದು ಅದೇ ನ್ಯಾಯಾಲಯದ ಸಂವಿಧಾನ ಪೀಠವು ಎರಡು ತೀರ್ಪುಗಳನ್ನು ನೀಡಿತು. ಒಂದರ ಪ್ರಕಾರ ೨೦೦೯ರ ಶಿಕ್ಷಣ ಹಕ್ಕು ಕಾಯಿದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದಿಲ್ಲ. ಇನ್ನೊಂದರ ಪ್ರಕಾರ ಕರ್ನಾಟಕ ಸರಕಾರವು ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯಗೊಳಿಸುವಂತಿಲ್ಲ. ಕರಾವಳಿಯ ಕ್ಯಾಥೊಲಿಕ್ ಶಾಲೆಗಳ ಮಟ್ಟಿಗೆ ಈ ಎರಡೂ ತೀರ್ಪುಗಳು ಮಹತ್ವದವು. ಬಡ ಮಕ್ಕಳಿಗೆ ಸ್ಥಾನ ಕೊಡುವುದು ಕಾಯಿದೆಯ ಒತ್ತಾಯವಾಗಿ ಉಳಿಯದೆ ಸಂಸ್ಥೆಯ ಸ್ವಂತ ನಿರ್ಧಾರವಾಯಿತು. ಮಾಧ್ಯಮದ ಆಯ್ಕೆಯೂ ಹಾಗೆಯೇ ಆಯಿತು.

ಸವಾಲುಗಳು ಮತ್ತು ಚರ್ಚೆ

ಕನ್ನಡ ಮಾಧ್ಯಮ ಶಾಲೆಗಳ ಕುಸಿತ: ಇಗರ್ಜಿಗಳಿಗೆ ಹೊಂದಿಕೊಂಡ ಅನುದಾನಿತ ಕನ್ನಡ ಶಾಲೆಗಳು ಒಂದು ಕಾಲದಲ್ಲಿ ಸುತ್ತಲಿನ ಎಲ್ಲ ಜಾತಿಮತಗಳ ರೈತರ, ಕೂಲಿಕಾರರ ಮತ್ತು ಬೀಡಿ ಕಟ್ಟುವವರ ಮಕ್ಕಳ ಏಕೈಕ ಆಸರೆಯಾಗಿದ್ದವು. ಇಂಗ್ಲಿಷ್ ಮಾಧ್ಯಮದ ಆಕರ್ಷಣೆ, ಕುಟುಂಬಗಳ ಗಾತ್ರ ಕುಗ್ಗಿದುದು, ನಗರಗಳಿಗೂ ಕೊಲ್ಲಿ ರಾಷ್ಟ್ರಗಳಿಗೂ ವಲಸೆ ಮತ್ತು ನಿವೃತ್ತ ಶಿಕ್ಷಕರ ಸ್ಥಾನಗಳು ತುಂಬದಿರುವುದು ಸೇರಿ ಇಂಥ ಅನೇಕ ಶಾಲೆಗಳು ಕ್ಷೀಣಿಸಿವೆ, ಕೆಲವು ಮುಚ್ಚಿವೆ. ಅದೇ ಆವರಣದಲ್ಲಿ ಶುಲ್ಕ ಪಡೆಯುವ ಇಂಗ್ಲಿಷ್ ಮಾಧ್ಯಮ ಶಾಲೆ ತುಂಬಿರುವಾಗ ಪಕ್ಕದ ಕನ್ನಡ ಶಾಲೆ ಬರಿದಾಗುವ ದೃಶ್ಯ ಅಪರೂಪವಲ್ಲ. ಸಂಸ್ಥಾಪಕರು ಯಾರಿಗಾಗಿ ಶಾಲೆ ತೆರೆದರೋ ಅವರು ಇಂದು ಯಾವ ಕಟ್ಟಡದಲ್ಲಿ ಕುಳಿತಿದ್ದಾರೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ.

ಶುಲ್ಕ ಮತ್ತು ಪ್ರವೇಶ: ಅನುದಾನವಿಲ್ಲದ ಶಾಲೆಗಳು ಶಿಕ್ಷಕರ ವೇತನವನ್ನು ಶುಲ್ಕದಿಂದಲೇ ಭರಿಸಬೇಕು. ಶುಲ್ಕ ಇಳಿಸಿದರೆ ಶಿಕ್ಷಕರಿಗೆ ನ್ಯಾಯವಾದ ಸಂಬಳ ಕೊಡಲಾಗದು. ಏರಿಸಿದರೆ ಬಡವರು ಹೊರಗುಳಿಯುತ್ತಾರೆ. ವಿದ್ಯಾರ್ಥಿವೇತನ, ಹಳೆ ವಿದ್ಯಾರ್ಥಿಗಳ ದತ್ತಿನಿಧಿ ಮತ್ತು ಶುಲ್ಕ ವಿನಾಯಿತಿಗಳಿಂದ ಈ ಇಕ್ಕಟ್ಟನ್ನು ಸಡಿಲಿಸಲು ಸಂಸ್ಥೆಗಳು ಯತ್ನಿಸುತ್ತವೆ. ಭಾರತದ ಕ್ಯಾಥೊಲಿಕ್ ಬಿಷಪರ ಸಮ್ಮೇಳನವು ೨೦೦೭ರಲ್ಲಿ ಅಂಗೀಕರಿಸಿದ ಅಖಿಲ ಭಾರತ ಕ್ಯಾಥೊಲಿಕ್ ಶಿಕ್ಷಣ ನೀತಿಯೂ ಬಡವರಿಗೆ ಮತ್ತು ಅಂಚಿನಲ್ಲಿರುವವರಿಗೆ ಆದ್ಯತೆ ನೀಡಬೇಕೆಂಬ ನಿಲುವನ್ನು ತಳೆದಿದೆ.

ಧಾರ್ಮಿಕ ವ್ಯಕ್ತಿಗಳ ಇಳಿಮುಖ: ಹಿಂದೆ ಶಾಲೆಯ ಮುಖ್ಯಸ್ಥರೂ ಅನೇಕ ಶಿಕ್ಷಕರೂ ಭಗಿನಿಯರು ಅಥವಾ ಧರ್ಮಗುರುಗಳೇ ಆಗಿರುತ್ತಿದ್ದರು. ಸಭೆಗಳಿಗೆ ಸೇರುವವರ ಸಂಖ್ಯೆ ಇಳಿದಂತೆ ಬೋಧನೆಯ ಹೊಣೆ ಬಹುತೇಕ ಗೃಹಸ್ಥ ಶಿಕ್ಷಕರದಾಗಿದೆ. ಅವರಲ್ಲಿ ಅನೇಕರು ಅನ್ಯಮತೀಯರು. ಸಂಸ್ಥಾಪಕರ ಚೈತನ್ಯವನ್ನು ಮುಂದುವರಿಸಲು ಅದೇ ಮತದವರಾಗಿರಬೇಕೇ, ಅಥವಾ ಮಗುವಿನ ಬಗ್ಗೆ ಅದೇ ಕಾಳಜಿ ಇದ್ದರೆ ಸಾಕೇ ಎಂಬ ಚರ್ಚೆ ಇದರಿಂದ ಹುಟ್ಟಿದೆ. ವ್ಯವಹಾರದಲ್ಲಿ ಶಾಲೆಗಳು ಎರಡನೆಯ ದಾರಿಯನ್ನು ಹಿಡಿದಿವೆ. ಹೊಸ ಶಿಕ್ಷಕರಿಗೆ ಸಂಸ್ಥೆಯ ಇತಿಹಾಸ ಮತ್ತು ಆಶಯಗಳ ಪರಿಚಯ ಶಿಬಿರಗಳನ್ನು ನಡೆಸುವುದು ಇದಕ್ಕಾಗಿಯೇ.

ಗತಕಾಲದ ಪ್ರಾಮಾಣಿಕ ಅವಲೋಕನ: ಸ್ಮರಣೆಯೆಂದರೆ ಹೊಗಳಿಕೆ ಮಾತ್ರವಲ್ಲ. ಅಮೆರಿಕದ ಮೇರಿಲ್ಯಾಂಡ್ ಪ್ರಾಂತದ ಜೆಸ್ವಿಟರು ೧೮೩೮ರಲ್ಲಿ ೨೭೨ ಮಂದಿ ಗುಲಾಮರನ್ನು ಮಾರಿ ಬಂದ ಹಣದ ಒಂದು ಭಾಗವನ್ನು ಜಾರ್ಜ್‌ಟೌನ್ ವಿದ್ಯಾಸಂಸ್ಥೆಯ ಸಾಲ ತೀರಿಸಲು ಬಳಸಿದ್ದರು. ೨೦೧೭ರಲ್ಲಿ ಆ ವಿಶ್ವವಿದ್ಯಾಲಯವು ಬಹಿರಂಗವಾಗಿ ಕ್ಷಮೆ ಕೋರಿ, ಮಾರಾಟವಾದವರಲ್ಲಿ ಒಬ್ಬನಾದ ಐಸಾಕ್ ಹಾಕಿನ್ಸ್‌ನ ಹೆಸರನ್ನು ತನ್ನ ಕಟ್ಟಡವೊಂದಕ್ಕೆ ಇಟ್ಟಿತು. ಕೆನಡಾದಲ್ಲಿ ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿದ ವಸತಿ ಶಾಲೆಗಳಲ್ಲಿ ಕ್ರೈಸ್ತರು ವಹಿಸಿದ ಪಾತ್ರಕ್ಕಾಗಿ ೨೦೨೨ರಲ್ಲಿ ಪೋಪ್ ಫ್ರಾನ್ಸಿಸ್ ಅಲ್ಲಿಗೆ ಹೋಗಿ ಕ್ಷಮೆ ಯಾಚಿಸಿದರು. ಕರಾವಳಿಯ ಶಾಲೆಗಳ ಚರಿತ್ರೆ ಇವುಗಳಿಗಿಂತ ಭಿನ್ನವಾದರೂ, ಹಿಂದಿನ ಕಾಲದ ಬೆತ್ತದ ಶಿಸ್ತು ಮತ್ತು ಕೆಲವು ಇಂಗ್ಲಿಷ್ ಮಾಧ್ಯಮ ಶಾಲೆಗಳಲ್ಲಿ ಮನೆಮಾತನ್ನಾಡಿದ ಮಕ್ಕಳಿಗೆ ವಿಧಿಸುತ್ತಿದ್ದ ದಂಡ ಇಲ್ಲಿಯೂ ಮರುಚಿಂತನೆಗೆ ಒಳಗಾಗಬೇಕಾದ ಸಂಗತಿಗಳು. ಕೊಂಕಣಿಗೆ ನಿಘಂಟು ಬರೆದ ಪರಂಪರೆಯಲ್ಲಿ ಕೊಂಕಣಿ ಮಾತನಾಡಿದ ಮಗುವಿಗೆ ಶಿಕ್ಷೆಯಾದರೆ ಅದು ಮೂಲ ಆಶಯಕ್ಕೆ ವಿರುದ್ಧವೇ ಸರಿ.

ಮಹತ್ವ

ಸಂತ ಅಲೋಶಿಯಸ್ ಕಾಲೇಜು ೨೦೦೭ರಲ್ಲಿ ಸ್ವಾಯತ್ತ ಸ್ಥಾನವನ್ನೂ ೨೦೨೪ರಲ್ಲಿ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನವನ್ನೂ ಪಡೆಯಿತು. ಅಪೋಸ್ತಲಿಕ್ ಕಾರ್ಮೆಲ್ ಮತ್ತು ಬೆಥನಿ ಸಭೆಗಳ ಶಾಲೆಗಳು ಕರ್ನಾಟಕದಾಚೆಗೂ ಹರಡಿವೆ. ಮಂಗಳೂರು ಪ್ರದೇಶವು ಶಿಕ್ಷಣ ಕೇಂದ್ರವೆಂದು ಹೆಸರಾಗುವಲ್ಲಿ ಬಾಸೆಲ್ ಮಿಶನ್, ಕೆನರಾ ವಿದ್ಯಾಸಂಸ್ಥೆಗಳು ಮತ್ತು ಮಣಿಪಾಲದ ಸಂಸ್ಥೆಗಳ ಜೊತೆಗೆ ಈ ಶಾಲೆಗಳ ಪಾಲೂ ದೊಡ್ಡದು. ಬಾಡಿಗೆ ಮನೆಯಲ್ಲಿ ಆರಂಭವಾದ ತರಗತಿ, ದೂರದೇಶದಿಂದ ಹಡಗಿನಲ್ಲಿ ಬಂದ ಭಗಿನಿಯರು, ಬೆಂದೂರಿನ ನಾಲ್ವರು ಯುವತಿಯರು: ಇವೆಲ್ಲವೂ ಅಲ್ಪ ಸಾಧನಗಳಿಂದ, ಆದರೆ ಯಾರಿಗಾಗಿ ಎಂಬ ಸ್ಪಷ್ಟ ಅರಿವಿನಿಂದ ಆರಂಭವಾದ ಪ್ರಯತ್ನಗಳು. ಸಾಧನಗಳು ಇಂದು ಬೆಳೆದಿವೆ. ಶಾಲೆಗೆ ಬರಲಾಗದ ಮಗುವನ್ನು ಶಾಲೆಗೆ ತರುವುದು ಸಂಸ್ಥಾಪಕರ ಮೊದಲ ಗುರಿಯಾಗಿದ್ದುದರಿಂದ, ಈ ಪರಂಪರೆಯ ನಿಷ್ಠೆಯನ್ನು ಅಳೆಯಲು ಇಂದಿಗೂ ಅದೇ ಮಾನದಂಡವನ್ನು ಬಳಸಲಾಗುತ್ತದೆ.